ಹಳೇ ಆಸ್ಟಿನ್‌ನಿಂದ ಲೋಟಸ್‌ವರೆಗೆ: ಕಾಲಿನ್ ಚಾಪ್‌ಮನ್ ಬದುಕು

ಫಾರ್ಮುಲಾ ಒನ್ ನೋಡುವ ನಮ್ಮಲ್ಲಿ ಎಷ್ಟೋ ಜನರಿಗೆ ಲೋಟಸ್ ಅನ್ನೋ ಹೆಸರು ಗೊತ್ತು. ಕಪ್ಪು ಬಣ್ಣದ ಮೇಲೆ ಚಿನ್ನದ ಗೆರೆ ಎಳೆದ ಹಳೇ ರೇಸ್ ಕಾರಿನ ಚಿತ್ರ ಹಾಸ್ಟೆಲ್ ರೂಮಿನ ಗೋಡೆ ಮೇಲೂ ಕಾಣಸಿಗುತ್ತೆ. ಆದರೆ ಆ ಹೆಸರು ಶುರುವಾದದ್ದು ಯಾವ ಕಾರ್ಖಾನೆಯಲ್ಲೂ ಅಲ್ಲ. ಪ್ರೀತಿಸಿದ ಹುಡುಗಿಯ ಅಪ್ಪ-ಅಮ್ಮನ ಮನೆ ಹಿಂದಿನ ಪುಟ್ಟ ಗ್ಯಾರೇಜಿನಲ್ಲಿ, ಯಾರೂ ಕೊಳ್ಳದೆ ಉಳಿದುಹೋಗಿದ್ದ ಒಂದು ಸೆಕೆಂಡ್ ಹ್ಯಾಂಡ್ ಕಾರಿನಿಂದ. ಅದನ್ನು ಬಿಚ್ಚಿ ಮತ್ತೆ ಕಟ್ಟಿದವನು ನಮ್ಮ ಹಾಗೇ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. ಗಣಿತದಲ್ಲಿ ಅವನಿಗೂ ಒಂದು ಬ್ಯಾಕ್ ಇತ್ತು! ಹೆಸರು ಆಂಥನಿ ಕಾಲಿನ್ ಬ್ರೂಸ್ ಚಾಪ್‌ಮನ್.

ಈ ಸಂಚಿಕೆಗೆ ಅವನ ಕತೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಹಳೇ ಬೈಕೋ, ಹಳೇ ಮಾರುತಿ 800 ಕಾರೋ ತಂದು, ಕೈಯಾರೆ ಸರಿಮಾಡಿ, ಒಂದಿಷ್ಟು ಬದಲಾಯಿಸಿ ಓಡಿಸಬೇಕು ಅನ್ನೋ ಆಸೆ ನಮ್ಮ ಕ್ಯಾಂಪಸ್ಸಿನಲ್ಲಿ ಬಹಳ ಜನಕ್ಕಿದೆ. ಜೇಬಿನಲ್ಲಿ ದುಡ್ಡು ಮಾತ್ರ ಕಮ್ಮಿ. ಕಮ್ಮಿ ದುಡ್ಡಲ್ಲಿ ಹಳೇ ಗಾಡಿಯಿಂದ ಒಳ್ಳೇ ಗಾಡಿ ಮಾಡುವುದು ಹೇಗೆ ಅಂತ ಕಲಿಯೋಕೆ ಚಾಪ್‌ಮನ್‌ಗಿಂತ ಒಳ್ಳೇ ಮೇಷ್ಟ್ರು ಸಿಗೋದು ಕಷ್ಟ. ಎಲ್ಲಿ ಉಳಿತಾಯ ಮಾಡಲೇಬಾರದು ಅನ್ನುವುದಕ್ಕೂ ಅವನ ಬದುಕೇ ಪಾಠ. ಎರಡನ್ನೂ ಹೇಳದಿದ್ದರೆ ಕತೆ ಅರ್ಧಕ್ಕೇ ನಿಂತ ಹಾಗೆ.

ಕ್ಲಾಸು ಕಮ್ಮಿ, ಕಾರು ಜಾಸ್ತಿ

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ ಪಕ್ಕದ ರಿಚ್‌ಮಂಡ್‌ನಲ್ಲಿ. ಬೆಳೆದದ್ದು ಉತ್ತರ ಲಂಡನ್‌ನಲ್ಲಿ. ಅಪ್ಪ ಸ್ಟ್ಯಾನ್ಲಿ ಚಾಪ್‌ಮನ್ ಹಾರ್ನ್ಸಿ ಎಂಬಲ್ಲಿ ರೈಲ್ವೇ ಹೋಟೆಲ್ ನಡೆಸುತ್ತಿದ್ದ. 1945ರಲ್ಲಿ, ಎರಡನೇ ಮಹಾಯುದ್ಧ ಮುಗಿದ ವರ್ಷ, ಕಾಲಿನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿ ಸ್ಟ್ರಕ್ಚರಲ್ ಇಂಜಿನಿಯರಿಂಗ್ ಓದತೊಡಗಿದ. ಸೇತುವೆ, ಕಟ್ಟಡಗಳ ಮೇಲೆ ಭಾರ ಹೇಗೆ ಹರಿಯುತ್ತೆ, ಯಾವ ತೊಲೆ ಎಳೆತದಲ್ಲಿದೆ, ಯಾವುದು ಒತ್ತಡದಲ್ಲಿದೆ ಅಂತ ಲೆಕ್ಕ ಹಾಕುವ ಓದು ಅದು. ಮೆಕ್ಯಾನಿಕಲ್ ಅಲ್ಲ, ಆಟೊಮೊಬೈಲ್ ಅಂತೂ ಅಲ್ಲವೇ ಅಲ್ಲ. ಇದನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತೆ. ಜೊತೆಗೆ ವಿಶ್ವವಿದ್ಯಾಲಯದ ವಾಯುದಳದ ಘಟಕಕ್ಕೆ ಸೇರಿ ವಿಮಾನ ಹಾರಿಸುವುದನ್ನೂ ಕಲಿತ. ವಿಮಾನದ ಮೈ ಎಷ್ಟು ತೆಳ್ಳಗಿದ್ದೂ ಎಷ್ಟು ಗಟ್ಟಿ ಅನ್ನೋದು ಅವನಿಗೆ ಹತ್ತಿರದಿಂದ ಕಂಡಿತು.

ಆಗಿನ ಬ್ರಿಟನ್ನಿನ ಪರಿಸ್ಥಿತಿ ಹೇಗಿತ್ತು ಅಂದರೆ, ಯುದ್ಧ ಗೆದ್ದಿದ್ದರೂ ದೇಶದ ಕೈ ಬರಿದಾಗಿತ್ತು. ಉಕ್ಕಿಗೆ ಪಡಿತರ, ಪೆಟ್ರೋಲಿಗೆ ಪಡಿತರ. ಹೊಸದಾಗಿ ತಯಾರಾದ ಕಾರುಗಳಲ್ಲಿ ಬಹುಪಾಲು ವಿದೇಶಕ್ಕೆ ರಫ್ತಾಗುತ್ತಿದ್ದವು. ಊರೊಳಗಿನ ಜನಕ್ಕೆ ಉಳಿದದ್ದು ಯುದ್ಧಕ್ಕಿಂತ ಮುಂಚಿನ ಹಳೇ ಕಾರುಗಳು ಮಾತ್ರ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರಿಗೆ ಎಲ್ಲಿಲ್ಲದ ಬೇಡಿಕೆ. ಅವುಗಳನ್ನು ಮಾರುವ ದೊಡ್ಡ ಬೀದಿ ವಾರನ್ ಸ್ಟ್ರೀಟ್, ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಇನ್ನೇನು ಬೇಕು! ಚಾಪ್‌ಮನ್ ತನ್ನ ಸಹಪಾಠಿ ಕಾಲಿನ್ ಡೇರ್ ಜೊತೆ ಸೇರಿ ಹಳೇ ಕಾರು ಕೊಂಡು, ಸ್ವಲ್ಪ ಸರಿಮಾಡಿ, ಲಾಭಕ್ಕೆ ಮಾರುವ ವ್ಯಾಪಾರ ಶುರುಮಾಡಿದ. ಕ್ಲಾಸಿಗೆ ಚಕ್ಕರ್ ಹೊಡೆದು ಮಾಡಿದ ವ್ಯಾಪಾರ ಕೆಲ ಕಾಲ ಚೆನ್ನಾಗೇ ನಡೆಯಿತು.

1947ರ ಶರತ್ಕಾಲದಲ್ಲಿ ಸರ್ಕಾರ ಖಾಸಗಿ ವಾಹನಗಳಿಗೆ ಕೊಡುತ್ತಿದ್ದ ಪೆಟ್ರೋಲ್ ಪಡಿತರವನ್ನೇ ನಿಲ್ಲಿಸಿಬಿಟ್ಟಿತು. ಪೆಟ್ರೋಲೇ ಇಲ್ಲ ಅಂದಮೇಲೆ ಹಳೇ ಕಾರು ಯಾರಿಗೆ ಬೇಕು? ಬೆಲೆ ಕುಸಿಯಿತು. ಚಾಪ್‌ಮನ್ ಇದ್ದಬದ್ದ ಕಾರುಗಳನ್ನೆಲ್ಲ ನಷ್ಟಕ್ಕೆ ಮಾರಿ ಕೈ ಸುಟ್ಟುಕೊಂಡ. ಅದುವರೆಗೆ ಗಳಿಸಿದ್ದೂ ಕರಗಿಹೋಯಿತು. ಕೊನೆಗೆ ಅವನ ಬಳಿ ಉಳಿದದ್ದು ಒಂದು ಹಳೇ ಆಸ್ಟಿನ್ ಸೆವೆನ್. ಅದನ್ನು ಕೇಳುವವರೇ ಇರಲಿಲ್ಲ.

ಬಿಚ್ಚಿ ನೋಡಿದಾಗ

ಆಸ್ಟಿನ್ ಸೆವೆನ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. 1922ರಲ್ಲಿ ಬಂದ, ಸಾಮಾನ್ಯ ಜನರ ಪುಟ್ಟ ಕಾರು ಅದು. ನಮ್ಮಲ್ಲಿ ಮಾರುತಿ 800 ಮಾಡಿದ ಕೆಲಸವನ್ನು ಬ್ರಿಟನ್ನಿನಲ್ಲಿ ಅದು ಅರವತ್ತು ವರ್ಷ ಮೊದಲೇ ಮಾಡಿತ್ತು. 747 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್. ಇಂಗ್ಲಿಷಿನ ‘ಎ’ ಅಕ್ಷರದ ಹಾಗೆ ಮುಂದೆ ಕಿರಿದಾಗಿ ಹಿಂದೆ ಅಗಲವಾಗುವ ಸರಳ ಚಾಸಿ. ಮುಂದೆ ಅಡ್ಡಕ್ಕೆ ಒಂದು ಲೀಫ್ ಸ್ಪ್ರಿಂಗ್, ಹಿಂದೆ ಎರಡು. 1939ರವರೆಗೆ ಸುಮಾರು 2,90,000 ಕಾರುಗಳು ತಯಾರಾದವು. ಅಂದರೆ ಬಿಡಿಭಾಗಗಳು ಬೀದಿಬೀದಿಯಲ್ಲೂ ಸಿಗುತ್ತಿದ್ದವು, ರಿಪೇರಿ ಗೊತ್ತಿದ್ದವರೂ ಸಿಗುತ್ತಿದ್ದರು. ಕಮ್ಮಿ ದುಡ್ಡಿನವನು ಹಳೇ ಗಾಡಿ ಆರಿಸುವಾಗ ನೋಡಬೇಕಾದ ಮೊದಲ ವಿಷಯವೇ ಇದು. ಅಪರೂಪದ ಗಾಡಿ ನೋಡೋಕೆ ಚೆಂದ. ಆದರೆ ಒಂದು ಬೇರಿಂಗ್ ಹೋದರೆ ಆರು ತಿಂಗಳು ಕಾಯಬೇಕು. ಎಲ್ಲರ ಮನೆಯಲ್ಲೂ ಇದ್ದ ಗಾಡಿಯಾದರೆ ಗುಜರಿಯಲ್ಲೇ ಎಲ್ಲಾ ಸಿಗುತ್ತೆ.

ಚಾಪ್‌ಮನ್ ಆ ಆಸ್ಟಿನ್ ಅನ್ನು ಮಸ್‌ವೆಲ್ ಹಿಲ್‌ನಲ್ಲಿದ್ದ ಹೇಜಲ್ ವಿಲಿಯಮ್ಸ್ ಮನೆ ಹಿಂದಿನ ಗ್ಯಾರೇಜಿಗೆ ತಂದು ನಿಲ್ಲಿಸಿದ. ಹೇಜಲ್ ಆಗ ಅವನ ಗೆಳತಿ, ಆಮೇಲೆ ಹೆಂಡತಿ. ಕಾರಿನ ಕೆಲಸದಲ್ಲಿ ಆಕೆಯ ಕೈಯೂ ಸೇರಿತ್ತು. ಅವನು ಮೊದಲು ಮಾಡಿದ್ದು ಕಾರಿನ ಸವೆದುಹೋಗಿದ್ದ ಹಳೇ ಬಾಡಿಯನ್ನು ಪೂರ್ತಿ ಕಿತ್ತು ಹಾಕಿದ್ದು. ಉಳಿದದ್ದು ಚಾಸಿ, ಇಂಜಿನ್, ಚಕ್ರ.

ಇಲ್ಲಿ ಅವನ ಓದು ಕೆಲಸಕ್ಕೆ ಬಂತು. ಆಸ್ಟಿನ್ ಚಾಸಿಯ ಉದ್ದ ತೊಲೆಗಳು ಒಂದು ಬದಿ ತೆರೆದಿರುವ ಚಾನೆಲ್ ಆಕಾರದವು. ಇಂಥ ತೊಲೆ ಬಾಗುವುದನ್ನು ಚೆನ್ನಾಗೇ ತಡೆಯುತ್ತೆ, ಆದರೆ ತಿರುಚುವುದನ್ನು ತಡೆಯಲ್ಲ. ಬೇಕಾದರೆ ನಾವೇ ನೋಡಬಹುದು. ಒಂದು ದಪ್ಪ ಕಾಗದವನ್ನು ಕೊಳವೆಯ ಹಾಗೆ ಸುತ್ತಿ, ಅಂಚು ಅಂಟಿಸದೆ ಎರಡೂ ತುದಿ ಹಿಡಿದು ತಿರುಚಿ. ಸುಲಭವಾಗಿ ತಿರುಗುತ್ತೆ. ಈಗ ಅಂಚನ್ನು ಉದ್ದಕ್ಕೂ ಅಂಟಿಸಿ ಮತ್ತೆ ತಿರುಚಿ. ಅದೇ ಕಾಗದ, ಅದೇ ತೂಕ, ಆದರೆ ಅಲ್ಲಾಡಲ್ಲ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪೇಪರಿನಲ್ಲಿ ನಾವು ಬರೆದು ಬರುವ ತೆರೆದ ಸೆಕ್ಷನ್, ಮುಚ್ಚಿದ ಸೆಕ್ಷನ್ ವಿಷಯ ಇಷ್ಟೇ. ಚಾನೆಲ್ಲಿನ ತೆರೆದ ಬದಿಗೆ ತಗಡು ಹಚ್ಚಿ ಬೆಸುಗೆ ಹಾಕಿದರೆ ಅದು ಪೆಟ್ಟಿಗೆಯಾಗುತ್ತೆ. ಖರ್ಚು ಒಂದಿಷ್ಟು ತಗಡು, ಒಂದಿಷ್ಟು ವೆಲ್ಡಿಂಗ್. ಆಸ್ಟಿನ್ ಚಾಸಿಯನ್ನು ಚಾಪ್‌ಮನ್ ಗಟ್ಟಿ ಮಾಡಿದ್ದು ಹೀಗೆ.

ಆಮೇಲೆ ಬಾಡಿ. ಪ್ಲೈವುಡ್ಡಿಗೆ ತೆಳುವಾದ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಹಲಗೆಗಳನ್ನು ಅವನು ಬಳಸಿದ. ವಿಮಾನ ಕಟ್ಟುವವರ ಹಾಗೆ ಅಡ್ಡಕ್ಕೆ ಗೋಡೆಗಳನ್ನು ಕೊಟ್ಟು, ಆ ಹಲಗೆಗಳನ್ನು ಚಾಸಿಗೆ ಬಿಗಿದ. ಆಗ ಬಾಡಿ ಬರೀ ಮಳೆ-ಗಾಳಿ ತಡೆಯುವ ಮುಸುಕಾಗಿ ಉಳಿಯಲಿಲ್ಲ, ಚಾಸಿಯ ಜೊತೆ ತಾನೂ ಭಾರ ಹೊತ್ತಿತು. ಒಂದು ಭಾಗ, ಎರಡು ಕೆಲಸ. ಹಿಂದಿನ ಸ್ಪ್ರಿಂಗ್‌ಗಳ ಜೋಡಣೆಯನ್ನೂ ಬದಲಿಸಿದ, ತಿರುವಿನಲ್ಲಿ ಕಾರು ಹೆಚ್ಚು ಹಿಡಿತದಲ್ಲಿರಲಿ ಅಂತ. ಗಮನಿಸಿ, ಇಷ್ಟರಲ್ಲಿ ಎಲ್ಲೂ ದುಬಾರಿ ಇಂಜಿನ್ ಬಂದಿಲ್ಲ. ದುಡ್ಡಿಲ್ಲದವನಿಗೆ ಶಕ್ತಿ ಹೆಚ್ಚಿಸುವುದು ಕಷ್ಟ. ತೂಕ ಇಳಿಸುವುದು ಅಷ್ಟು ಕಷ್ಟವಲ್ಲ. ಶಕ್ತಿ ಹೆಚ್ಚಿಸಿದರೆ ಕಾರು ನೇರ ದಾರಿಯಲ್ಲಿ ವೇಗವಾಗುತ್ತೆ. ತೂಕ ಇಳಿಸಿದರೆ ಹೊರಡುವಾಗ, ತಿರುಗುವಾಗ, ನಿಲ್ಲುವಾಗ, ಎಲ್ಲ ಕಡೆಯೂ ಲಾಭ. ನ್ಯೂಟನ್ನನ ಎರಡನೇ ನಿಯಮದಲ್ಲಿ ದುಡ್ಡಿನ ಪ್ರಶ್ನೆ ಬರೋದೇ ಇಲ್ಲ!

1948ರಲ್ಲಿ ಕಾರು ಸಿದ್ಧವಾಯಿತು. ಕೆಸರು ತುಂಬಿದ ಗುಡ್ಡಗಳನ್ನು ಏರುವ ‘ಟ್ರಯಲ್ಸ್’ ಅನ್ನೋ ಸ್ಪರ್ಧೆಗಳಲ್ಲಿ ಅದನ್ನು ಓಡಿಸಿ ಬಹುಮಾನಗಳನ್ನೂ ಗೆದ್ದ. ಇಷ್ಟೆಲ್ಲ ಬದಲಾದ ಕಾರನ್ನು ಆಸ್ಟಿನ್ ಅಂತ ಕರೆಯುವುದು ಹೇಗೆ? ಅದಕ್ಕವನು ಲೋಟಸ್ ಅಂತ ಹೆಸರಿಟ್ಟ. ನಮ್ಮ ಕಮಲ, ತಾವರೆ! ಈ ಹೆಸರೇ ಯಾಕೆ ಅಂತ ಕೊನೆಯವರೆಗೂ ಅವನು ಬಹಿರಂಗವಾಗಿ ಹೇಳಲಿಲ್ಲ.

ಕಾರು ಪಾಸಾಯಿತು, ಅದನ್ನು ಕಟ್ಟಿದವನು ಪಾಸಾಗಲಿಲ್ಲ. 1948ರ ಅಂತಿಮ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತು. ಕೆಲ ಕಾಲ ವಾಯುಸೇನೆಯಲ್ಲಿದ್ದು, ಮರುವರ್ಷ ಉಳಿದ ಪೇಪರ್ ಬರೆದು ಡಿಗ್ರಿ ಪಡೆದ. ಆಮೇಲೆ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯಲ್ಲಿ ಇಂಜಿನಿಯರ್ ಕೆಲಸ. ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಹೇಗೆ ಬಳಸಬಹುದು ಅನ್ನುವುದೇ ಅಲ್ಲಿ ಅವನ ಕೆಲಸ. ಹಗಲು ಸಂಬಳಕ್ಕೆ ಅಲ್ಯೂಮಿನಿಯಂ, ರಾತ್ರಿ ಖುಷಿಗೆ ಅಲ್ಯೂಮಿನಿಯಂ.

ನಿಯಮದ ಪುಸ್ತಕ ಓದುವ ಕಲೆ

ಎರಡನೇ ಲೋಟಸ್ ಕೂಡ ಆಸ್ಟಿನ್ ಸೆವೆನ್ ಚಾಸಿಯ ಮೇಲೆಯೇ ಕಟ್ಟಿದ್ದು, ಇಂಜಿನ್ ಮಾತ್ರ ಫೋರ್ಡಿನದು. 1950ರಲ್ಲಿ ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ಆ ಮನೆಯಲ್ಲಿ ಕಟ್ಟಿದ ಕಾರು ಒಂದು ಬುಗಾಟಿಯನ್ನು ಹಿಂದಿಕ್ಕಿ ಗೆದ್ದಿತು. ಅಲ್ಲಿಂದ ಚಾಪ್‌ಮನ್‌ಗೆ ಕೆಸರಿನ ಗುಡ್ಡ ಬೇಡವಾಯಿತು, ರೇಸ್ ಟ್ರ್ಯಾಕ್ ಬೇಕಾಯಿತು.

ಬ್ರಿಟನ್ನಿನಲ್ಲಿ 750 ಮೋಟಾರ್ ಕ್ಲಬ್ ಅನ್ನೋ ಸಂಘ ಕಮ್ಮಿ ಖರ್ಚಿನ ರೇಸಿಂಗ್‌ಗಾಗಿ ಒಂದು ವರ್ಗವನ್ನೇ ಮಾಡಿತ್ತು. ಆಸ್ಟಿನ್ ಸೆವೆನ್ ಚಾಸಿ, ಆಸ್ಟಿನ್ ಸೆವೆನ್ ಇಂಜಿನ್ ಬಳಸಲೇಬೇಕು. ಉಳಿದದ್ದು ನಿಮ್ಮ ಬುದ್ಧಿ. ಇದಕ್ಕಾಗಿ 1951ರಲ್ಲಿ ಚಾಪ್‌ಮನ್ ಮೂರನೇ ಲೋಟಸ್ ಕಟ್ಟಿದ. ನೆರೆಹೊರೆಯ ಮೈಕಲ್ ಮತ್ತು ನೈಜೆಲ್ ಆಲನ್ ಎಂಬ ಅಣ್ಣತಮ್ಮಂದಿರು ಕೈಜೋಡಿಸಿದರು.

ಈ ಕಾರಿನ ಇಂಜಿನ್ ಕತೆ ಕೇಳಲೇಬೇಕಾದ್ದು. ಆಸ್ಟಿನ್ ಇಂಜಿನ್ನಿನಲ್ಲಿ ಸಿಲಿಂಡರ್ ನಾಲ್ಕಿದ್ದರೂ ಗಾಳಿ-ಪೆಟ್ರೋಲ್ ಒಳಗೆ ಹೋಗುವ ಬಾಯಿ ಎರಡೇ. ಒಂದೊಂದು ಬಾಯಿಯನ್ನು ಅಕ್ಕಪಕ್ಕದ ಎರಡು ಸಿಲಿಂಡರ್ ಹಂಚಿಕೊಳ್ಳಬೇಕು. ಒಂದು ಸಿಲಿಂಡರ್ ಎಳೆದುಕೊಂಡು ಮುಗಿಸುವಷ್ಟರಲ್ಲಿ ಪಕ್ಕದ್ದು ಎಳೆಯಲು ಶುರುಮಾಡುತ್ತೆ. ಒಂದೇ ತಟ್ಟೆಯಲ್ಲಿ ಇಬ್ಬರು ಉಂಡ ಹಾಗೆ, ಇಬ್ಬರಿಗೂ ಹೊಟ್ಟೆ ತುಂಬಲ್ಲ. ಬ್ಲಾಕ್ ಬದಲಿಸುವಂತಿಲ್ಲ, ನಿಯಮ ಬಿಡಲ್ಲ. ಚಾಪ್‌ಮನ್ ಏನು ಮಾಡಿದ? ಹಂಚಿಕೊಂಡ ದಾರಿಯ ನಡುವೆ ತಗಡಿನ ಗೋಡೆ ಎಬ್ಬಿಸಿ ಎರಡನ್ನು ನಾಲ್ಕು ಮಾಡಿದ. ಅದಕ್ಕೆ ತಕ್ಕ ಮ್ಯಾನಿಫೋಲ್ಡ್ ಮಾಡಿ, ಎರಡು ಬಾಯಿಯ ಕಾರ್ಬುರೇಟರ್ ಕೂರಿಸಿದ. ಇಂಜಿನ್ ಅದೇ, ಉಸಿರಾಟ ಬೇರೆ. ಆ ಸೀಸನ್ನಿನಲ್ಲಿ ಉಳಿದವರು ಅವನ ಹಿಂದೆ ದೂಳು ತಿಂದರು. ಕೊನೆಗೆ ಕ್ಲಬ್ಬಿನವರು ಈ ಉಪಾಯವನ್ನೇ ನಿಷೇಧಿಸಿ ನಿಯಮ ತಿದ್ದಬೇಕಾಯಿತು.

ನಿಯಮದ ಪುಸ್ತಕದಲ್ಲಿ ಬರೆದಿರುವುದನ್ನು ಎಲ್ಲರೂ ಓದುತ್ತಾರೆ. ಬರೆಯದೇ ಬಿಟ್ಟದ್ದನ್ನು ಓದುವ ಅಭ್ಯಾಸ ಚಾಪ್‌ಮನ್‌ಗೆ ಹತ್ತಿದ್ದು ಇಲ್ಲಿಂದ. ಅದು ಅವನನ್ನು ಬಹಳ ಎತ್ತರಕ್ಕೆ ಒಯ್ದಿತು. ಎತ್ತರದಿಂದ ಕೆಳಕ್ಕೂ.

ಇಪ್ಪತ್ತೈದು ಪೌಂಡಿನ ಕಂಪನಿ

1952ರ ಜನವರಿ 1ರಂದು ಲೋಟಸ್ ಇಂಜಿನಿಯರಿಂಗ್ ಕಂಪನಿ ಹುಟ್ಟಿತು. ಬಂಡವಾಳ, ಹೇಜಲ್ ಕೊಟ್ಟ 25 ಪೌಂಡ್ ಸಾಲ. ಜಾಗ, ಅಪ್ಪನ ರೈಲ್ವೇ ಹೋಟೆಲ್ ಹಿಂದಿನ ಹಳೇ ಕುದುರೆ ಲಾಯ. ಮಾಲೀಕ ಇನ್ನೂ ಕೆಲಸ ಬಿಟ್ಟಿರಲಿಲ್ಲ. ಆಫೀಸು ಮುಗಿಸಿ ಬಂದು ರಾತ್ರಿ ಕೆಲಸ ಮಾಡುತ್ತಿದ್ದ. ಸಹಾಯಕ್ಕೆ ಬರುತ್ತಿದ್ದವರಲ್ಲೂ ಹಲವರು ಹಗಲು ಬೇರೆ ಕಡೆ ದುಡಿಯುವವರು. ಡಿ ಹ್ಯಾವಿಲೆಂಡ್ ವಿಮಾನ ಕಂಪನಿಯ ಮೈಕ್ ಕಾಸ್ಟಿನ್ ಅಂಥವರಲ್ಲಿ ಒಬ್ಬ. ಅವನ ಅಣ್ಣ ಫ್ರ್ಯಾಂಕ್ ಕಾಸ್ಟಿನ್ ಗಾಳಿಯನ್ನು ಸೀಳುವ ಬಾಡಿಗಳನ್ನು ವಿನ್ಯಾಸ ಮಾಡಿಕೊಟ್ಟ. ಮುಂದೆ ಎರಡು ಸಲ ವಿಶ್ವ ಚಾಂಪಿಯನ್ ಆದ ಗ್ರಹಾಂ ಹಿಲ್ ಕೂಡ ಮೊದಲು ಲೋಟಸ್‌ಗೆ ಬಂದದ್ದು ಮೆಕ್ಯಾನಿಕ್ ಆಗಿ.

ಈ ಲಾಯದಿಂದ ಬಂದ ಆರನೇ ಲೋಟಸ್‌ನಲ್ಲಿ ಆಸ್ಟಿನ್ ಚಾಸಿ ಇರಲಿಲ್ಲ. ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದ ಸ್ಪೇಸ್ ಫ್ರೇಮ್ ಅದಕ್ಕೆ. ರೈಲ್ವೇ ಸೇತುವೆಯ ಟ್ರಸ್ ನೆನಪಿಸಿಕೊಳ್ಳಿ, ಅದೇ ತತ್ವ. ಬರೀ ಫ್ರೇಮಿನ ತೂಕ 55 ಪೌಂಡ್, ಅಂದರೆ ಸುಮಾರು 25 ಕೆಜಿ. ಒಬ್ಬನೇ ಎತ್ತಿಕೊಂಡು ಹೋಗಬಹುದು! ಸ್ಟ್ರಕ್ಚರಲ್ ಇಂಜಿನಿಯರಿಂಗ್ ಓದಿದವನು ಕಾರು ಕಟ್ಟಿದರೆ ಹೀಗೇ ಆಗೋದು.

ಇದನ್ನು ಮಾರಿದ ರೀತಿ ಇನ್ನೂ ಸ್ವಾರಸ್ಯ. ಆಗ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಹೊಸ ಕಾರಿಗೆ ಭಾರೀ ಖರೀದಿ ತೆರಿಗೆ. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಚಾಪ್‌ಮನ್ ಫ್ರೇಮು, ಬಾಡಿ, ಬೇಕಾದ ವಿಶೇಷ ಭಾಗಗಳನ್ನು ಕೊಡುತ್ತಿದ್ದ. ಕೊಂಡವನು ಯಾವುದೋ ಹಳೇ ಫೋರ್ಡ್ ಕಾರಿನ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ ತಂದು ಜೋಡಿಸಿಕೊಳ್ಳಬಹುದಿತ್ತು. ಗುಜರಿಗೆ ಹೋಗಬೇಕಿದ್ದ ಕಾರಿನ ಹೃದಯಕ್ಕೆ ಹೊಸ ಮೈ. ತಾನು ಗ್ಯಾರೇಜಿನಲ್ಲಿ ಮಾಡಿದ್ದನ್ನೇ ಬೇರೆ ಹುಡುಗರೂ ಮಾಡುವ ಹಾಗೆ ಅವನು ದಾರಿ ಮಾಡಿಕೊಟ್ಟ. 1957ರ ಲೋಟಸ್ ಸೆವೆನ್ ಇದೇ ದಾರಿಯ ಮುಂದಿನ ಹೆಜ್ಜೆ. ಅದರ ಹಕ್ಕನ್ನು 1973ರಲ್ಲಿ ಕೇಟರ್‌ಹ್ಯಾಮ್ ಕಂಪನಿ ಕೊಂಡುಕೊಂಡಿತು. ಅದೇ ಆಕಾರದ ಕಾರನ್ನು ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳುವವರು ಇವತ್ತಿಗೂ ಇದ್ದಾರೆ.

1955ರಿಂದ ಚಾಪ್‌ಮನ್ ಪೂರ್ಣಾವಧಿ ಲೋಟಸ್‌ನವನಾದ.

ಒಂದು ಭಾಗ, ಎರಡು ಕೆಲಸ

ಮುಂದಿನದು ಫಾರ್ಮುಲಾ ಒನ್ ಇತಿಹಾಸ. ಪೂರ್ತಿ ಹೇಳಲು ಈ ಸಂಚಿಕೆ ಸಾಲದು. ಆದರೆ ಆ ಆಸ್ಟಿನ್‌ನ ಪ್ಲೈವುಡ್ ಬಾಡಿಯ ಪಾಠ ಎಲ್ಲೆಲ್ಲಿ ತಲೆ ಎತ್ತಿತು ನೋಡಿ.

1962ರ ಲೋಟಸ್ 25 ಕಾರಿನಲ್ಲಿ ಕೊಳವೆಗಳ ಫ್ರೇಮನ್ನೇ ತೆಗೆದು ಅಲ್ಯೂಮಿನಿಯಂ ಹಾಳೆಯ ದೋಣಿಯಂಥ ಮಾನೊಕಾಕ್ ಮಾಡಿದ. ಹೊರಮೈಯೇ ಚಾಸಿ. ಹೆಚ್ಚು ಗಟ್ಟಿ, ಆದರೂ ಹೆಚ್ಚು ಹಗುರ. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ ಅದರಲ್ಲಿ 1963ರ ವಿಶ್ವ ಚಾಂಪಿಯನ್ ಆದ. 1965ರಲ್ಲಿ ಮತ್ತೊಮ್ಮೆ ಚಾಂಪಿಯನ್‌ಷಿಪ್ ಗೆದ್ದು, ಅದೇ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಲೋಟಸ್‌ನಲ್ಲೇ ಗೆದ್ದ.

1967ರ ಲೋಟಸ್ 49ರಲ್ಲಿ ಕಾಸ್ವರ್ತ್ ಇಂಜಿನ್ನೇ ಕಾರಿನ ಹಿಂಭಾಗದ ಚಾಸಿಯಾಯಿತು. ಹಿಂದಿನ ಸಸ್ಪೆನ್ಷನ್ ಭಾರವೆಲ್ಲ ಇಂಜಿನ್ ಮೂಲಕವೇ ಹಾದುಹೋಗುತ್ತಿತ್ತು. ಕಾಸ್ವರ್ತ್ ಅಂದರೆ ಬೇರೆ ಯಾರೂ ಅಲ್ಲ, ಲೋಟಸ್‌ನಲ್ಲೇ ದುಡಿದಿದ್ದ ಮೈಕ್ ಕಾಸ್ಟಿನ್ ಮತ್ತು ಕೀತ್ ಡಕ್‌ವರ್ತ್ ಕಟ್ಟಿದ ಕಂಪನಿ. 1970ರ ದಶಕದ ಕೊನೆಗೆ ಬಂದ ಲೋಟಸ್ 78 ಮತ್ತು 79 ಕಾರುಗಳಲ್ಲಿ ಕಾರಿನ ತಳವೇ ತಲೆಕೆಳಗಾದ ವಿಮಾನದ ರೆಕ್ಕೆಯ ಕೆಲಸ ಮಾಡಿ, ಕಾರನ್ನು ನೆಲಕ್ಕೆ ಅಂಟಿಸಿತು. ಇದೇ ಗ್ರೌಂಡ್ ಎಫೆಕ್ಟ್. 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಚಾಂಪಿಯನ್. ಚಾಪ್‌ಮನ್ ಕಾಲದಲ್ಲಿ ಲೋಟಸ್ ಒಟ್ಟು ಏಳು ಸಲ ತಯಾರಕರ ಚಾಂಪಿಯನ್‌ಷಿಪ್ ಗೆದ್ದಿತು, ಅದರ ಚಾಲಕರು ಆರು ಸಲ.

ಉಳಿತಾಯದ ಬೆಲೆ

ಇನ್ನು ಕತೆಯ ಇನ್ನೊಂದು ಅರ್ಧ. ಇದನ್ನು ಬರೆಯುವಾಗ ನಮಗೆ ಕೈ ಸ್ವಲ್ಪ ತಡೆಯಿತು, ಯಾಕಂದ್ರೆ ಇಷ್ಟು ಹೊತ್ತು ಮೆಚ್ಚಿಕೊಂಡು ಬಂದ ಗುಣವೇ ಇಲ್ಲಿ ಎದುರು ನಿಲ್ಲುತ್ತೆ.

ತೂಕ ಇಳಿಸುತ್ತಾ ಹೋದರೆ ಒಂದು ಹಂತದವರೆಗೆ ನಾವು ತೆಗೆಯುವುದು ಬೇಡದ ಲೋಹ. ಅದಾದ ಮೇಲೆ ತೆಗೆಯುವುದು ಫ್ಯಾಕ್ಟರ್ ಆಫ್ ಸೇಫ್ಟಿ. ಎರಡಕ್ಕೂ ನಡುವೆ ಗೆರೆ ಎಲ್ಲಿದೆ ಅಂತ ಲೋಹ ಹೇಳಲ್ಲ, ಮುರಿದಾಗಷ್ಟೇ ಗೊತ್ತಾಗುತ್ತೆ. ಅಷ್ಟರಲ್ಲಿ ಒಳಗೆ ಒಬ್ಬ ಮನುಷ್ಯ ಕೂತಿರುತ್ತಾನೆ.

1960ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಅಭ್ಯಾಸದ ವೇಳೆ ಸ್ಟಿರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್ 18ರ ಹಿಂದಿನ ಚಕ್ರ ಕಳಚಿಕೊಂಡಿತು. ಅವನ ಎರಡೂ ಕಾಲು ಮುರಿದವು. ಅದೇ ಅಭ್ಯಾಸದಲ್ಲಿ ಮೈಕ್ ಟೇಲರ್ ಎಂಬ ಚಾಲಕನ ಲೋಟಸ್‌ನಲ್ಲಿ ಸ್ಟೀರಿಂಗ್ ಕಾಲಮ್ಮಿನ ಬೆಸುಗೆ ಬಿಟ್ಟಿತು. ಅಲ್ಲಿಗೆ ಅವನ ರೇಸಿಂಗ್ ಬದುಕು ಮುಗಿಯಿತು; ಅವನು ಲೋಟಸ್ ಮೇಲೆ ಕೇಸು ಹಾಕಿ ಗೆದ್ದ. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಜಿಮ್ ಕ್ಲಾರ್ಕ್ ತೀರಿಕೊಂಡ. ಅದಕ್ಕೆ ಟೈರಿನ ಗಾಳಿ ಇಳಿದದ್ದೇ ಕಾರಣ ಇರಬೇಕು ಅನ್ನುವುದು ಸಾಮಾನ್ಯ ಅಭಿಪ್ರಾಯ. ಅದನ್ನು ವಿನ್ಯಾಸದ ತಲೆಗೆ ಕಟ್ಟುವಂತಿಲ್ಲ. ಆದರೆ ತನ್ನ ಅತ್ಯಂತ ಹತ್ತಿರದ ಚಾಲಕನ ಸಾವಿನಿಂದ ಚಾಪ್‌ಮನ್ ಕುಸಿದುಹೋದ.

1969ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಎರಡು ಲೋಟಸ್ ಕಾರುಗಳ ಎತ್ತರದ ರೆಕ್ಕೆಗಳು ಒಂದೇ ಜಾಗದಲ್ಲಿ ಮುರಿದು ಎರಡೂ ಕಾರು ಅಪ್ಪಳಿಸಿದವು. ಒಂದರಲ್ಲಿ ಗ್ರಹಾಂ ಹಿಲ್, ಇನ್ನೊಂದರಲ್ಲಿ ಯೋಹೆನ್ ರಿಂಟ್. ಇಬ್ಬರೂ ಬದುಕಿದರು. ಆಮೇಲೆ ರಿಂಟ್ ಚಾಪ್‌ಮನ್‌ಗೆ ಪತ್ರ ಬರೆದು, ದುರ್ಬಲ ಭಾಗಗಳಿಗೆ ಸ್ವಲ್ಪ ತೂಕ ಸೇರಿಸಿ ಗಟ್ಟಿ ಮಾಡುವಂತೆ ಕೇಳಿಕೊಂಡ. ಮುಂದಿನ ವರ್ಷ, 1970ರ ಸೆಪ್ಟೆಂಬರ್ 5ರಂದು, ಇಟಲಿಯ ಮಾಂಝಾದಲ್ಲಿ ಅಭ್ಯಾಸದ ವೇಳೆ ಅವನ ಲೋಟಸ್ 72ರ ಮುಂದಿನ ಬ್ರೇಕ್ ಶಾಫ್ಟ್ ಮುರಿಯಿತು. ತೂಕ ಉಳಿಸಲು ಟೊಳ್ಳಾಗಿ ಮಾಡಿದ್ದ ಶಾಫ್ಟ್ ಅದು. ಕಾರು ಸರಿಯಾಗಿ ಹಾಕಿರದ ತಡೆಬೇಲಿಗೆ ಬಡಿದು ರಿಂಟ್ ಸತ್ತ. ಆ ವರ್ಷ ಅವನು ಗಳಿಸಿದ್ದ ಅಂಕಗಳನ್ನು ಉಳಿದ ರೇಸುಗಳಲ್ಲಿ ಯಾರೂ ದಾಟಲಿಲ್ಲ. ಸತ್ತ ಮೇಲೆ ವಿಶ್ವ ಚಾಂಪಿಯನ್ ಆದವನು ಫಾರ್ಮುಲಾ ಒನ್‌ನಲ್ಲಿ ಅವನೊಬ್ಬನೇ.

ಆ ಕಾಲದಲ್ಲಿ ಬೇರೆ ತಂಡಗಳಲ್ಲೂ ಚಾಲಕರು ಸಾಯುತ್ತಿದ್ದರು, ಟ್ರ್ಯಾಕುಗಳೇ ಅಪಾಯಕಾರಿಯಾಗಿದ್ದವು, ಇದೂ ನಿಜ. ಆದರೂ ಲೋಟಸ್ ಅಂದರೆ ವೇಗ ಮತ್ತು ನಾಜೂಕು ಎರಡೂ ಅನ್ನೋ ಹೆಸರು ಸುಮ್ಮನೆ ಬಂದದ್ದಲ್ಲ.

ನಿಯಮಗಳ ಸಂದು ಹುಡುಕುವ ಅಭ್ಯಾಸಕ್ಕೂ ಬೆಲೆ ತೆರಬೇಕಾಯಿತು. 1981ರಲ್ಲಿ ಅವನ ಎರಡು ಚಾಸಿಯ ಲೋಟಸ್ 88 ನಿಷೇಧವಾಯಿತು. ಅದು ಆಟದೊಳಗಿನ ಜಗಳ. ಡಿಲೋರಿಯನ್ ವ್ಯವಹಾರ ಹಾಗಲ್ಲ. ಬ್ರಿಟಿಷ್ ಸರ್ಕಾರದ ಹಣ ಪಡೆದು ಉತ್ತರ ಐರ್ಲೆಂಡಿನಲ್ಲಿ ಶುರುವಾದ ಆ ಕಾರಿನ ಇಂಜಿನಿಯರಿಂಗ್ ಕೆಲಸ ಲೋಟಸ್‌ಗೆ ಬಂದಿತ್ತು. ಅದಕ್ಕಾಗಿ ಕೊಟ್ಟ ಹಣದಲ್ಲಿ 1.7 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತ ಬೇರೊಂದು ಕಂಪನಿಯ ಮೂಲಕ ಹರಿದು ಮಾಯವಾಯಿತು. ತನಿಖೆ ಹತ್ತಿರ ಬರುವ ಮೊದಲೇ, 1982ರ ಡಿಸೆಂಬರ್ 16ರಂದು, ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 54. ಹತ್ತು ವರ್ಷದ ನಂತರ ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್‌ಗೆ ಮೂರು ವರ್ಷ ಜೈಲಾಯಿತು. ಚಾಪ್‌ಮನ್ ಬದುಕಿದ್ದಿದ್ದರೆ ಅವನಿಗೆ ಕನಿಷ್ಠ ಹತ್ತು ವರ್ಷ ಶಿಕ್ಷೆ ಆಗುತ್ತಿತ್ತು ಅನ್ನುವ ಅರ್ಥದ ಮಾತನ್ನು ನ್ಯಾಯಾಧೀಶರು ಆಗ ಹೇಳಿದರು. ವಿಚಾರಣೆಯೇ ಆಗದ ಮನುಷ್ಯನ ಬಗ್ಗೆ ನಾವು ತೀರ್ಪು ಬರೆಯಲ್ಲ. ಆದರೆ ಅವನ ಬದುಕಿನ ಲೆಕ್ಕದಲ್ಲಿ ಈ ಪುಟವೂ ಇದೆ.

ಅವನು ಸತ್ತ ದಿನ ಅವನ ತಂಡದವರು ಸ್ನೆಟರ್ಟನ್ ಟ್ರ್ಯಾಕಿನಲ್ಲಿ ಇನ್ನೊಂದು ಹೊಸ ವಿಚಾರವನ್ನು ಪರೀಕ್ಷಿಸುತ್ತಿದ್ದರು. ರಸ್ತೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಆಕ್ಟಿವ್ ಸಸ್ಪೆನ್ಷನ್.

ನಮಗೇನು?

ನಾವು ಯಾರೂ ನಾಳೆ ಫಾರ್ಮುಲಾ ಒನ್ ಕಾರು ಕಟ್ಟಲ್ಲ. ಆದರೆ ಹಳೇ ಗಾಡಿಯೊಂದನ್ನು ಬಿಚ್ಚುವವರು ನಮ್ಮಲ್ಲಿ ಖಂಡಿತ ಇದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಚಾಪ್‌ಮನ್ ಹಾಸಿಗೆಯನ್ನೇ ಬಿಚ್ಚಿ, ಯಾವ ದಾರ ಎಷ್ಟು ಭಾರ ಹೊರುತ್ತೆ ಅಂತ ನೋಡಿದವನು. ದುಡ್ಡು ಕಮ್ಮಿ ಇದ್ದಾಗ ಪ್ರತಿ ಭಾಗವನ್ನೂ ಕೈಯಲ್ಲಿ ಹಿಡಿದು, ಇದು ಏನು ಮಾಡುತ್ತೆ, ಇದಿಲ್ಲದೆ ಆಗಲ್ವಾ, ಇದರಿಂದಲೇ ಇನ್ನೊಂದು ಕೆಲಸ ಮಾಡಿಸಬಹುದಾ ಅಂತ ಕೇಳಬೇಕಾಗುತ್ತೆ. ಅವನಿಂದ ಕಲಿಯಬೇಕಾದ್ದು ಆ ಪ್ರಶ್ನೆ.

ಅದರ ಜೊತೆ ಅವನು ಕೆಲವೊಮ್ಮೆ ಕೇಳದೆ ಬಿಟ್ಟ ಪ್ರಶ್ನೆಯನ್ನೂ ನಾವು ಸೇರಿಸಿಕೊಳ್ಳೋಣ. ಇದು ಮುರಿದರೆ ಯಾರಿಗೆ ಏನಾಗುತ್ತೆ? ಸೀಟಿನ ಕವರ್ ಹರಿದರೆ ಏನೂ ಆಗಲ್ಲ. ಅಲ್ಲಿ ಧಾರಾಳವಾಗಿ ದುಡ್ಡು ಉಳಿಸಿ. ಬ್ರೇಕ್, ಸ್ಟೀರಿಂಗ್, ಟೈರ್, ಸಸ್ಪೆನ್ಷನ್ ವೆಲ್ಡಿಂಗ್, ಇವು ಕೈಕೊಟ್ಟರೆ ಒಳಗಿರುವವರ ಜೊತೆ ರಸ್ತೆಯಲ್ಲಿ ನಡೆಯುವವರೂ ಬೆಲೆ ಕೊಡಬೇಕು. ಹಳೇ ಗಾಡಿಗೆ ಹಾಕುವ ಮೊದಲ ರೂಪಾಯಿ ಅಲ್ಲಿಗೇ ಹೋಗಬೇಕು. ಬಣ್ಣ, ಸೌಂಡು ಎಲ್ಲ ಆಮೇಲೆ. ಇನ್ನೊಂದು ಮಾತು: ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ರಸ್ತೆ ವಾಹನವನ್ನು ಬದಲಿಸುವಂತಿಲ್ಲ. ಚಾಸಿ ಕತ್ತರಿಸುವ ಪ್ರಯೋಗವೆಲ್ಲ ವರ್ಕ್‌ಶಾಪಿನ ಸ್ಪರ್ಧಾ ವಾಹನಕ್ಕಷ್ಟೇ ಇರಲಿ. ರಸ್ತೆಯ ಗಾಡಿಯನ್ನು ಅದು ಹುಟ್ಟಿದಾಗ ಇದ್ದ ಹಾಗೆ ಮತ್ತೆ ನಿಲ್ಲಿಸುವುದೇ ದೊಡ್ಡ ಕೆಲಸ.

ಆ ಮೊದಲ ಲೋಟಸ್‌ ಅನ್ನು ಚಾಪ್‌ಮನ್ 1950ರಲ್ಲೇ ಮಾರಿಬಿಟ್ಟಿದ್ದ. 2018ರಲ್ಲಿ, ಅದು ಹುಟ್ಟಿ 70 ವರ್ಷ ಆದಾಗ, ಅವನ ಮಗ ಕ್ಲೈವ್ ಚಾಪ್‌ಮನ್ ಅದನ್ನು ಹುಡುಕಿಕೊಡಿ ಅಂತ ಜನರನ್ನು ಕೇಳಿಕೊಂಡ. ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ, ಹುಲ್ಲಿನ ಮರೆಯಲ್ಲಿ ಅದು ನಿಂತಿರಬಹುದು ಅನ್ನೋ ಆಸೆ ಅಭಿಮಾನಿಗಳಿಗೆ. ಸಿಕ್ಕರೆ ಅದನ್ನು ಮತ್ತೆ ಬಿಚ್ಚಿ ಕಟ್ಟುವ ಕೆಲಸ ಯಾರಿಗಾದರೂ ಸಿಗುತ್ತೆ. ಅವರು ಮೊದಲು ಬ್ರೇಕ್ ನೋಡಲಿ.